ಹೋಗಿ ಬರುತ್ತೇನೆ ಎನ್ನುವುದು ಸುಳ್ಳೇ?

ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತೇವೆ, ಅಥವಾ ಬರೀ ‘ಬರ್ತೀನಿ’. ಬಾಯಿ ತಪ್ಪಿ ‘ಹೋಗ್ತೀನಿ’ ಎಂದ ಮಗುವನ್ನು ಅಜ್ಜಿಯರು ಹೊಸ್ತಿಲಲ್ಲೇ ನಿಲ್ಲಿಸಿ, ‘ಹಂಗನ್ನಬಾರದು, ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಹೊರಡುವ ಮಾತಿನ ಬೆನ್ನಿಗೇ ಮರಳುವ ಮಾತೂ ಇರಬೇಕು ಎಂಬುದು ನಮ್ಮ ಭಾಷೆಯ ಮರ್ಯಾದೆ. ಆಪರೇಷನ್ನಿಗೆ ಹೊರಟ ಮುದುಕರೂ ಹಾಗೆಯೇ ಹೇಳುತ್ತಾರೆ, ಗಂಡನ ಮನೆಗೆ ಹೊರಟ ಹುಡುಗಿಯೂ ಹಾಗೆಯೇ ಹೇಳುತ್ತಾಳೆ. ಇನ್ನು ಮೇಲೆ ಅವಳ ಮನೆ ಬೇರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ‘ಬರ್ತೀನಮ್ಮ’ ಎಂದ ಅವಳು ಸುಳ್ಳು ಹೇಳಿದಳು ಎಂದು ಯಾರಿಗೂ ಅನ್ನಿಸುವುದಿಲ್ಲ.

ಹೋಗುವುದು, ಬರುವುದು ಇವೆರಡನ್ನೂ ಬಿಡಿಸಿ ಬೇರೆ ಬೇರೆ ಇಟ್ಟು, ಇದರಲ್ಲಿ ನಿನ್ನದು ಯಾವುದು ಎಂದು ಕೇಳುವ ಒಂದು ಜಾಗವಿದೆ. ಅದು ವೀಸಾ ಸಂದರ್ಶನದ ಕಿಟಕಿ. ಅಮೆರಿಕದ ಪ್ರವಾಸಿ ವೀಸಾ ಕೇಳಲು ಹೋದವರು ‘ಖಂಡಿತ ವಾಪಸ್ಸು ಬರುತ್ತೇನೆ’ ಎಂದು ನಂಬಿಸಬೇಕು. ವಲಸೆ ವೀಸಾ ಕೇಳಲು ಹೋದವರು ‘ಅಲ್ಲೇ ಇರಲು ಹೋಗುತ್ತಿದ್ದೇನೆ’ ಎನ್ನಬೇಕು. ಹನ್ನೊಂದು ವರ್ಷಗಳ ಅಂತರದಲ್ಲಿ ನಾನು ಈ ಎರಡೂ ಕಿಟಕಿಗಳ ಮುಂದೆ ನಿಂತಿದ್ದೇನೆ. ಚೆನ್ನೈಯಲ್ಲಿ ಬರುತ್ತೇನೆ ಎಂದೆ, ಮುಂಬೈಯಲ್ಲಿ ಇರುತ್ತೇನೆ ಎಂದೆ. ಎರಡು ಸಲವೂ ವೀಸಾ ಸಿಕ್ಕಿತು. ಎರಡು ಸಲವೂ ನಿಜವನ್ನೇ ಹೇಳಿದೆ ಎಂದು ನನ್ನ ನಂಬಿಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವಳಿಗೆ ಬರೀ ನಂಬಿಕೆ ಸಾಲುವುದಿಲ್ಲ, ಅದಕ್ಕೆ ಆಧಾರ ಬೇಕು. ನಾಳೆಯ ಬಗ್ಗೆ, ಅದೂ ನನ್ನದೇ ಮನಸ್ಸಿನ ನಾಳೆಯ ಬಗ್ಗೆ, ಪ್ರಮಾಣ ಮಾಡಿ ಆಡಿದ ಮಾತು ನಿಜವಾಗುವುದು ಹೇಗೆ?

ಮೊದಲು ಕಾನೂನನ್ನು ನೋಡೋಣ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ 1952ರದ್ದು. ಅದರ 214(ಬಿ) ಕಲಮಿನ ಪ್ರಕಾರ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರನ್ನೂ ವಲಸೆ ಹೋಗುವವರೆಂದೇ ಭಾವಿಸಬೇಕು. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರರದು. ಅಪರಾಧದ ಮೊಕದ್ದಮೆಯಲ್ಲಿ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ. ಇಲ್ಲಿ ಲೆಕ್ಕ ತಿರುಗುಮುರುಗು. ಇನ್ನೊಬ್ಬರಿಗೆ ಕಾಣದ ಮನಸ್ಸನ್ನು ತೋರಿಸುವುದಾದರೂ ಹೇಗೆ? ಅದಕ್ಕೆ ನಂಟುಗಳ ಪಟ್ಟಿ ಬೇಕಾಗುತ್ತದೆ. ಊರಿನಲ್ಲಿ ಮನೆ ಇದೆಯೇ, ಕೆಲಸ ಇದೆಯೇ, ಪಿಂಚಣಿ ಬರುತ್ತದೆಯೇ, ಇಲ್ಲಿ ಉಳಿಯುವ ಮಕ್ಕಳು, ಗಂಡ, ವಯಸ್ಸಾದ ತಂದೆತಾಯಿ ಇದ್ದಾರೆಯೇ? ಹನ್ನೊಂದು ವರ್ಷದ ಹಿಂದೆ ನನಗೆ ಇವುಗಳಲ್ಲಿ ಹೆಚ್ಚಿನವು ಇದ್ದವು. ಮೈಸೂರಿನಲ್ಲಿ ಮನೆ, ಕೆಲಸ, ಮನೆಯಲ್ಲಿ ಗಂಡ. ಸೊಸೆಯ ಹೆರಿಗೆಗೆ ಹೋಗುತ್ತೇನೆ, ರಜೆ ಮುಗಿಯುವ ಹೊತ್ತಿಗೆ ಬರುತ್ತೇನೆ ಎಂದೆ. ಹಾಗೆಯೇ ಬಂದೆ.

ಎರಡನೆಯ ಸಲದ ಕಥೆ ಬೇರೆ. ಮಗ ಅಷ್ಟರಲ್ಲಿ ಅಲ್ಲಿನ ಪ್ರಜೆಯಾಗಿದ್ದ. ಇಪ್ಪತ್ತೊಂದು ವರ್ಷ ತುಂಬಿದ ಪ್ರಜೆ ತನ್ನ ತಂದೆತಾಯಿಯರಿಗಾಗಿ ಅರ್ಜಿ ಹಾಕಿದರೆ, ಆ ವರ್ಗದ ವೀಸಾಗಳಿಗೆ ವಾರ್ಷಿಕ ಮಿತಿ ಇಲ್ಲ. ಅಣ್ಣತಮ್ಮ, ಅಕ್ಕತಂಗಿಯರಿಗೆ ಹಾಕಿದರೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಅದರ ಮೇಲೆ ಒಂದೊಂದು ದೇಶಕ್ಕೂ ಶೇಕಡಾ 7ರ ಮಿತಿ. ಹಾಗಾಗಿ ಭಾರತದವರು ಹದಿನೈದು ವರ್ಷಕ್ಕೂ ಹೆಚ್ಚು ಕಾಯುತ್ತಾರೆ. ನನ್ನವರು ತೀರಿಕೊಂಡ ಮೇಲೆ ಮಗ ಅರ್ಜಿ ಹಾಕಿದ, ನನ್ನ ಸರದಿ ಎರಡು ವರ್ಷದೊಳಗೇ ಬಂತು. ತಾಯಿ ಎಂಬ ಸಂಬಂಧ ಕಾನೂನಿನ ಕಣ್ಣಿನಲ್ಲೂ ಸ್ವಲ್ಪ ಹತ್ತಿರದ್ದು.

ನನಗೆ ಕಷ್ಟವಾದದ್ದು ಹುಟ್ಟಿದ್ದೇನೆಂದು ತೋರಿಸುವುದು. ನಾನು ಹುಟ್ಟಿದ್ದು 1957ರಲ್ಲಿ, ಸಾಗರದ ಕಡೆಯ ಒಂದು ಹಳ್ಳಿಯ ಮನೆಯಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ನಮ್ಮೂರ ದಾಖಲೆಯಲ್ಲಿ ನನ್ನ ಹೆಸರಿರಲಿಲ್ಲ. ಇಂಥವರು ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ತೆಗೆದುಕೊಂಡು, ಹುಟ್ಟಿದ್ದನ್ನು ಬಲ್ಲ ಹಿರಿಯ ಬಂಧುವಿನಿಂದ ಅಫಿಡವಿಟ್ ಮಾಡಿಸಬೇಕು. ನನ್ನ ಹುಟ್ಟನ್ನು ಕಂಡವರಲ್ಲಿ ಬದುಕಿರುವವರು ಅಕ್ಕ ಒಬ್ಬರೇ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವರು, ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವರು. ನೋಟರಿಯ ಮುಂದೆ ಕೂತು ಸಹಿ ಮಾಡಿದ ಮೇಲೆ ಅಕ್ಕ ಪೆನ್ನು ಕೆಳಗಿಟ್ಟು, ‘ನೀ ಹುಟ್ಟಿದ್ದಕ್ಕೆ ನಾನು ಸಾಕ್ಷಿ ಆದೆ. ನಾನು ಹೋಗೋ ಹೊತ್ತಿಗೆ ನೀ ಹತ್ರ ಇರ್ಬೇಕು ಕಣೇ’ ಎಂದರು. ‘ಇರ್ತೀನಿ ಅಕ್ಕ’ ಎಂದೆ. ಅಲ್ಲಿಗೆ, ಮುಂಬೈಗೆ ಹೋಗುವ ಮೊದಲೇ ನಾನು ಒಂದು ಮಾತು ಕೊಟ್ಟಾಗಿತ್ತು.

ಮುಂಬೈಯ ಅಮೆರಿಕನ್ ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. 2011ರವರೆಗೆ ಅದು ಬ್ರೀಚ್ ಕ್ಯಾಂಡಿಯ ಸಮುದ್ರದಂಡೆಯ ಹಳೆಯ ಅರಮನೆಯೊಂದರಲ್ಲಿತ್ತು, ವಾಂಕಾನೇರ್ ಸಂಸ್ಥಾನದ ಅರಸರು ಕಟ್ಟಿಸಿದ್ದು. ಈಗಿನದು ಬ್ಯಾಂಕು, ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಇದೆ. ವೈದ್ಯಕೀಯ ಪರೀಕ್ಷೆ ಮುಗಿದಿತ್ತು, ಪೊಲೀಸ್ ಪ್ರಮಾಣಪತ್ರ ಬಂದಿತ್ತು, ಕಾಗದಗಳ ದಪ್ಪ ಫೈಲು ಕೈಯಲ್ಲಿತ್ತು. ಒಳಗೆ ಕೂತಿದ್ದವರಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನವರು, ಉಳಿದವರು ಹೊಸದಾಗಿ ಮದುವೆಯಾದ ಹುಡುಗಿಯರು. ಮದುವೆಯ ಆಲ್ಬಮ್ಮುಗಳನ್ನು ಪರೀಕ್ಷೆಗೆ ಬಂದ ಮಕ್ಕಳಂತೆ ಎದೆಗವಚಿಕೊಂಡಿದ್ದರು.

ಕಿಟಕಿಯಾಚೆ ಇದ್ದದ್ದು ನನ್ನ ಸೊಸೆಯ ವಯಸ್ಸಿನ ಒಬ್ಬ ಅಧಿಕಾರಿ. ಮೊದಲು ಬಲಗೈ ಎತ್ತಿ ಪ್ರಮಾಣ ಮಾಡಿಸಿದರು: ಅರ್ಜಿಯಲ್ಲಿ ಬರೆದದ್ದು, ಈಗ ಹೇಳಲಿರುವುದು ಎಲ್ಲವೂ ನಿಜ. ಎಷ್ಟು ಮಕ್ಕಳು, ಗಂಡ ಯಾವಾಗ ತೀರಿಕೊಂಡರು, ಮಗ ಏನು ಮಾಡುತ್ತಾನೆ ಎಂದು ಸೌಜನ್ಯದಿಂದಲೇ ಕೇಳಿದರು. ಇಲ್ಲಿನ ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದರು. ಕೊನೆಗೆ, ಅಮೆರಿಕದಲ್ಲಿ ಪರ್ಮನೆಂಟ್ ಆಗಿ ಇರುವ ಉದ್ದೇಶ ನಿಮಗಿದೆಯೇ ಎಂದು ಕೇಳಿದರು. ಹೌದು ಎಂದೆ. ನಾಲ್ಕೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವರ ಮೇಲೆ ನನ್ನದೇನೂ ದೂರಿಲ್ಲ. ನನ್ನ ಪ್ರಶ್ನೆ ಇರುವುದು ಆ ‘ಹೌದು’ ಎಂಬ ಮಾತಿನ ಮೇಲೆ.

‘ಉದ್ದೇಶ’ ಎಂಬ ಪದವನ್ನು ಇಲ್ಲಿ ಬಳಸಿದೆ, ಬೇರೆ ದಾರಿಯಿಲ್ಲದೆ. ಮನೆಯಲ್ಲಿ ನಾವು ಯಾರೂ ಉದ್ದೇಶವಿದೆ ಎನ್ನುವುದಿಲ್ಲ. ಹೋಗೋಣ ಅಂತಿದೀನಿ, ಹೋಗ್ಬೇಕು ಅಂತಿದೆ, ಹೋಗೋ ಮನಸ್ಸಿದೆ, ಹೋಗೋದು ಅಂತ ಆಗಿದೆ ಎನ್ನುತ್ತೇವೆ. ಈ ನಾಲ್ಕು ಮಾತುಗಳಿಗೆ ನಾಲ್ಕು ತೂಕ. ಮೊದಲನೆಯದು ಆಲೋಚನೆ, ಎರಡನೆಯದು ಆಸೆ, ಮೂರನೆಯದರಲ್ಲಿ ಮನಸ್ಸು ಒಂದು ಕಡೆ ವಾಲಿದೆ, ನಾಲ್ಕನೆಯದರಲ್ಲಿ ತೀರ್ಮಾನವೇ ಆಗಿಹೋಗಿದೆ, ಆದರೆ ಯಾರು ತೀರ್ಮಾನಿಸಿದರು ಎಂಬುದು ಮಾತ್ರ ಇಲ್ಲ. ಮುಂಬೈಯಲ್ಲಿ ಆ ದಿನ ನನ್ನಲ್ಲಿ ನಾಲ್ಕೂ ಇದ್ದವು. ಜೊತೆಗೆ ಐದನೆಯದೂ ಒಂದಿತ್ತು: ಅಕ್ಕನ ಹತ್ತಿರ ಇರಬೇಕು.

ಇಂಥ ಎರಡು ಮನಸ್ಸು ಅಮೆರಿಕದ ಕಾನೂನಿಗೆ ಅಪರಿಚಿತವೇನಲ್ಲ. ಎಚ್-1ಬಿ ಮತ್ತು ಎಲ್ ವೀಸಾಗಳಲ್ಲಿ ಕೆಲಸಕ್ಕೆ ಹೋಗುವವರಿಗೆ 1990ರ ವಲಸೆ ಕಾಯ್ದೆ ಒಂದು ವಿನಾಯಿತಿ ಕೊಟ್ಟಿತು. ಅವರು ತಾತ್ಕಾಲಿಕವಾಗಿ ಹೋಗುತ್ತಾ, ಅಲ್ಲೇ ನೆಲೆಸುವ ಆಸೆಯನ್ನೂ ಇಟ್ಟುಕೊಳ್ಳಬಹುದು. ಅದಕ್ಕೆ ಇಬ್ಬಗೆಯ ಉದ್ದೇಶ ಎಂದೇ ಹೆಸರು. ನನ್ನ ಮಗ ಹೋದದ್ದು ಹಾಗೆ. ಅಂದರೆ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ಇಂಜಿನಿಯರಿನ ಮನಸ್ಸು ಎರಡು ಕಡೆ ಇರಬಹುದು ಎಂದು ಕಾನೂನು ಒಪ್ಪುತ್ತದೆ. ಅವನ ಬಾಣಂತಿ ಹೆಂಡತಿಯನ್ನು ನೋಡಿಕೊಳ್ಳಲು ಹೋಗುವ ತಾಯಿಗೆ ಮಾತ್ರ ಒಂದೇ ಮನಸ್ಸಿರಬೇಕು. ಮನುಷ್ಯರ ಮನಸ್ಸು ಎರಡಾಗಬಲ್ಲದು ಎಂಬುದು ಕಾನೂನಿಗೆ ಗೊತ್ತಿಲ್ಲವೆಂದಲ್ಲ. ಯಾರದು ಎರಡಾದರೆ ಅನುಕೂಲ ಎಂಬ ಲೆಕ್ಕವೂ ಅದಕ್ಕೆ ಗೊತ್ತಿದೆ.

ನಂಟುಗಳಿಂದ ಮನಸ್ಸನ್ನು ಅಳೆಯುವ ಕ್ರಮದ ಬಗ್ಗೆ ಯೋಚಿಸುವಾಗೆಲ್ಲ ನನಗೆ ಗೋವಿನ ಹಾಡು ನೆನಪಾಗುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಹುಲಿಯ ಕೈಗೆ ಸಿಕ್ಕಿದ ಪುಣ್ಯಕೋಟಿ, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾಳೆ, ಮಾತಿನಂತೆ ಬರುತ್ತಾಳೆ. ಈಗ ಅರ್ಬುತನನ್ನು ಕಿಟಕಿಯ ಹಿಂದೆ ಕೂರಿಸಿ ನೋಡಿ. ಅರ್ಜಿದಾರಳು ಮರಳಿ ಬರುವಳೇ? ಅವಳ ಕರು ಇರುವುದು ದೊಡ್ಡಿಯಲ್ಲಿ, ಬಳಗ ಇರುವುದು ದೊಡ್ಡಿಯಲ್ಲಿ, ಹುಲ್ಲು ನೀರು ಇರುವುದು ಅಲ್ಲಿ. ಗುಹೆಯ ಕಡೆ ಅವಳಿಗೆ ಇರುವ ನಂಟು ಸಾವೊಂದೇ. ನಂಟುಗಳ ಲೆಕ್ಕ ಹಾಕುವ ಯಾವ ಅಧಿಕಾರಿಯೂ ಅವಳನ್ನು ಬಿಡುವಂತಿಲ್ಲ. ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನೂರು ಹಸುಗಳನ್ನು ಹಾಗೆ ಬಿಟ್ಟರೆ ತೊಂಬತ್ತೊಂಬತ್ತು ಮರಳಲಾರವು. ಆದರೆ ಪುಣ್ಯಕೋಟಿ ಬಂದಳು. ಮಾತು ಎಂಬುದರ ಅರ್ಥವೇ ಅದು: ಎಳೆಯುವ ಹಗ್ಗಗಳೆಲ್ಲ ಒಂದು ಕಡೆ ಎಳೆಯುತ್ತಿರುವಾಗ ಇನ್ನೊಂದು ಕಡೆ ನಡೆಯಬಲ್ಲ ಶಕ್ತಿ. ಹಗ್ಗ ಎಳೆದ ಕಡೆಗೇ ಹೋಗುವುದಾದರೆ ಮಾತು ಕೊಡುವುದೇ ಬೇಕಿಲ್ಲ.

ಪ್ರವಾಸಿ ವೀಸಾ ಕೇಳುವ ನಮ್ಮ ಅಪ್ಪ ಅಮ್ಮಂದಿರ ಸ್ಥಿತಿ ಹೆಚ್ಚುಕಡಿಮೆ ಇದೇ. ಕರು ಇರುವುದು ಅಮೆರಿಕದಲ್ಲಿ. ಹಾಗಾಗಿ ಬರುತ್ತೇನೆ ಎಂಬ ಮಾತನ್ನು ನಂಬಲು ಕಾರಣ ಕಡಿಮೆ. ನಂಬದೇ ಹೋದರೆ ಅದರ ವಿರುದ್ಧ ಹೇಳಿಕೊಳ್ಳುವ ಜಾಗವೂ ಇಲ್ಲ. ಕಾನ್ಸುಲ್ ಅಧಿಕಾರಿಯ ನಿರ್ಧಾರವನ್ನು ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. 2024ರಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಹೊರದೇಶದ ಗಂಡನನ್ನೋ ಹೆಂಡತಿಯನ್ನೋ ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಹೇಳಿತು. ಗಂಡ ಹೆಂಡತಿಯ ವಿಷಯವೇ ಹೀಗಿರುವಾಗ ಮೊಮ್ಮಗಳನ್ನು ನೋಡಬೇಕೆಂಬ ಅಜ್ಜಿಯ ಮಾತು ಎಷ್ಟರದು?

ಇಲ್ಲಿ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಕಾರಣ ಹೇಳದೆಯೇ ನಿರಾಕರಿಸಬಲ್ಲವರಿಗೆ ನಿಜ ಹೇಳುವ ಹೊಣೆ ನಮಗಿದೆಯೇ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಾಂಟ್, ಸತ್ಯಕ್ಕೆ ಹಕ್ಕುಳ್ಳವರಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯವಿದೆ ಎಂದು ವಾದಿಸಿದ. ಕಾಂಟ್ 1797ರ ತನ್ನ ಪ್ರಸಿದ್ಧ ಲೇಖನದಲ್ಲಿ ಅದನ್ನು ಒಪ್ಪಲಿಲ್ಲ. ಅಟ್ಟಿಸಿಕೊಂಡು ಬಂದ ಕೊಲೆಗಾರ ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದು ಎಂದ. ತರಗತಿಯಲ್ಲಿ ಈ ಪಾಠ ಬಂದಾಗ ಹುಡುಗರೆಲ್ಲ ಕಾನ್‌ಸ್ಟಾಂಟನ ಪಕ್ಷ. ಕಿಟಕಿಯ ಮುಂದೆ ನಿಲ್ಲುವವರಲ್ಲೂ ಬಹಳ ಜನ ಅವನ ಪಕ್ಷವೇ. ಪಕ್ಕದ ಮನೆಯ ಹುಡುಗಿ ನನಗೆ ಧೈರ್ಯ ಹೇಳಿದ್ದು ಹಾಗೆ: ‘ಎಲ್ರೂ ಹಂಗೇ ಹೇಳ್ತಾರೆ ಆಂಟಿ, ಅವರಿಗೇನು ಬೇಕೋ ಅದನ್ನ ಹೇಳಿ ಬಂದ್ಬಿಡಿ.’ ಹುಟ್ಟಿದ ದೇಶ ಯಾವುದು ಎಂಬುದರ ಮೇಲೆ ಮನುಷ್ಯ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ತೀರ್ಮಾನಿಸುವ ಏರ್ಪಾಡು ನ್ಯಾಯವೇ ಎಂದು ಕೇಳುವವರೂ ಇದ್ದಾರೆ. ಜೋಸೆಫ್ ಕ್ಯಾರೆನ್ಸ್ ಎಂಬ ಚಿಂತಕ 1987ರಲ್ಲಿ, ಶ್ರೀಮಂತ ದೇಶದ ಪೌರತ್ವವನ್ನು ಹುಟ್ಟಿನಿಂದ ಬರುವ ಊಳಿಗಮಾನ್ಯ ಸವಲತ್ತಿಗೆ ಹೋಲಿಸಿದರು. ಹುಟ್ಟಿನಿಂದ ಮೇಲುಕೀಳು ಮಾಡುವುದನ್ನು ಹನ್ನೆರಡನೆಯ ಶತಮಾನದಲ್ಲೇ ಪ್ರಶ್ನಿಸಿದ ನಾಡಿನವರಿಗೆ ಆ ಹೋಲಿಕೆ ಅರ್ಥವಾಗದ್ದೇನಲ್ಲ.

ಕ್ಯಾರೆನ್ಸರ ಮಾತು ನನಗೆ ಬಹುಮಟ್ಟಿಗೆ ಒಪ್ಪಿಗೆ. ಆದರೆ ಅದರಿಂದ ಸುಳ್ಳಿಗೆ ಅಪ್ಪಣೆ ಸಿಗುತ್ತದೆ ಎಂಬುದನ್ನು ಒಪ್ಪಲಾರೆ. ಏರ್ಪಾಡು ಸರಿಯಿಲ್ಲವೆಂದು ಹೇಳುವುದು ಒಂದು, ಅದರಿಂದಲೇ ಬೇಕಾದ್ದನ್ನು ಪಡೆಯಲು ಹೋಗಿ ಪ್ರಮಾಣ ಮಾಡಿ ಮೋಸ ಮಾಡುವುದು ಇನ್ನೊಂದು. ನಾನು ಯಾರು, ನನಗೆ ಎಷ್ಟು ಮಕ್ಕಳು, ಯಾವುದಾದರೂ ಅಪರಾಧ ಮಾಡಿದ್ದೇನೆಯೇ, ಇವನ್ನು ತಿಳಿಯುವ ಹಕ್ಕು ನಾನು ಯಾರ ಮನೆಗೆ ಹೋಗುತ್ತಿದ್ದೇನೋ ಅವರಿಗಿದೆ. ಪಕ್ಕದ ಮನೆಯ ಹುಡುಗಿಯ ಮಾತಿನಲ್ಲಿ ಇನ್ನೊಂದು ತೊಡಕೂ ಇದೆ. ಒಬ್ಬರು ಆಡಿದ ಸುಳ್ಳಿನ ಬೆಲೆಯನ್ನು ತೆರುವವರು ಸಾಲಿನಲ್ಲಿ ಹಿಂದೆ ನಿಂತವರು. ಬರುತ್ತೇನೆ ಎಂದು ಹೇಳಿ ಬಾರದೆ ಉಳಿದ ಪ್ರತಿಯೊಬ್ಬರಿಂದಲೂ, ನಿಜವಾಗಿ ಬರಲಿದ್ದ ಇನ್ನೊಬ್ಬರ ಮಾತು ಹಗುರಾಗುತ್ತದೆ.

ಆದರೆ ನನಗೇ ಸ್ಪಷ್ಟವಿಲ್ಲದ ಮನಸ್ಸನ್ನು ನಾನು ಇನ್ನೊಬ್ಬರಿಗೆ ತಿಳಿಸುವುದು ಹೇಗೆ? ಇಲ್ಲಿ ನನಗೆ ನೆರವಾದವರು ಇಬ್ಬರು. ಒಬ್ಬರು ನಮ್ಮ ಬೀದಿಯ ನಿವೃತ್ತ ವಕೀಲರು. ‘ನೋಡಿ ಮೇಡಂ, ಕಾನೂನಿನ ಪದಕ್ಕೆ ವೇದಾಂತದ ಅರ್ಥ ಹಚ್ಚಬೇಡಿ’ ಎಂದು ಆ ಕಾಯ್ದೆಯಲ್ಲಿ ಪರ್ಮನೆಂಟ್ ಎಂಬುದಕ್ಕೆ ಕೊಟ್ಟಿರುವ ವಿವರಣೆಯನ್ನೇ ತೆಗೆದು ತೋರಿಸಿದರು. ಓದಿ ನನಗೆ ಆಶ್ಚರ್ಯವಾಯಿತು. ಪರ್ಮನೆಂಟ್ ಎಂದರೆ ತಾತ್ಕಾಲಿಕವಲ್ಲದ, ಮುಂದುವರಿಯುವ ಸಂಬಂಧ. ಮುಂದೊಂದು ದಿನ ಆ ದೇಶವಾಗಲಿ ಆ ವ್ಯಕ್ತಿಯಾಗಲಿ ಕಾನೂನಿನ ಪ್ರಕಾರ ಅದನ್ನು ಕಳಚಿಕೊಳ್ಳಬಹುದಾದರೂ ಅದು ಪರ್ಮನೆಂಟೇ. ನಾವು ಅದನ್ನು ‘ಶಾಶ್ವತ’ ಎಂದು ಅನುವಾದಿಸಿಕೊಂಡು ಹೆದರುತ್ತೇವೆ. ಶಾಶ್ವತವಾಗಿ ಎಲ್ಲಿರುತ್ತೀಯ ಎಂದು ಕೇಳಿದರೆ ಅರವತ್ತು ದಾಟಿದವರು ಕೊಡಬಹುದಾದ ಉತ್ತರವೇ ಬೇರೆ. ಸರಿಯಾದ ಪದ ನಮ್ಮ ಕಚೇರಿಗಳಲ್ಲೇ ಇದೆ: ಖಾಯಂ. ಖಾಯಂ ನೌಕರಿಗೆ ಸೇರಿದವರು ರಾಜೀನಾಮೆ ಕೊಡುತ್ತಾರೆ. ಹಾಗೆಂದು ಸೇರುವ ದಿನ ಅವರು ಸುಳ್ಳು ಹೇಳಿದ್ದರು ಎನ್ನುವುದಿಲ್ಲ. ಅರ್ಜಿಗಳಲ್ಲಿ ಖಾಯಂ ವಿಳಾಸ ಎಂಬ ಕಲಂ ಬಂದಾಗ ನಾವು ಬರೆಯುವುದು ಹತ್ತಾರು ವರ್ಷದಿಂದ ಬೀಗ ಹಾಕಿರುವ ಊರಮನೆಯ ವಿಳಾಸವನ್ನು!

ಇನ್ನೊಬ್ಬರು ಎಲಿಜಬೆತ್ ಆನ್ಸ್‌ಕೂಮ್. ಇಂಗ್ಲೆಂಡಿನ ಈ ತತ್ವಜ್ಞಾನಿ ಉದ್ದೇಶದ ಬಗೆಗೇ 1957ರಲ್ಲಿ ಒಂದು ಪುಟ್ಟ ಪುಸ್ತಕ ಬರೆದರು. ಅದು ಶುರುವಾಗುವುದೇ ಒಂದು ವ್ಯತ್ಯಾಸದಿಂದ. ‘ನಾಳೆ ನನಗೆ ಜ್ವರ ಬರುತ್ತದೆ’, ‘ನಾಳೆ ನಾನು ಪೇಟೆಗೆ ಹೋಗುತ್ತೇನೆ’ ಇವೆರಡೂ ನಾಳೆಯ ಮಾತುಗಳೇ. (ಉದಾಹರಣೆ ನನ್ನದು.) ಮೊದಲನೆಯದು ಭವಿಷ್ಯ ನುಡಿಯುವುದು, ಅದಕ್ಕೆ ಆಧಾರ ಮೈಯ ಲಕ್ಷಣಗಳಲ್ಲಿದೆ, ವೈದ್ಯರು ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಎರಡನೆಯದಕ್ಕೆ ಹಾಗಲ್ಲ. ನಾನು ಪೇಟೆಗೆ ಹೋಗುವೆನೇ ಎಂದು ತಿಳಿಯಲು ನನ್ನ ಲಕ್ಷಣಗಳನ್ನು ನಾನು ಪರೀಕ್ಷಿಸಿಕೊಳ್ಳುವುದಿಲ್ಲ. ಹೋಗಲು ಕಾರಣವಿದೆಯೇ ಎಂದು ನೋಡಿಕೊಂಡು ನಿಶ್ಚಯಿಸುತ್ತೇನೆ. ನಾಳೆ ಮಳೆ ಬಂದು ಹೋಗದೇ ಇದ್ದರೆ, ಇಂದು ಆಡಿದ ಮಾತು ಸುಳ್ಳಾಗುವುದಿಲ್ಲ.

ಇದನ್ನು ಕಿಟಕಿಗೆ ಹೊಂದಿಸಿ ನೋಡಿದೆ. ಅಲ್ಲಿ ಆಚೆ ಕೂತವರು ಮಾಡಬೇಕಾದ್ದು ಮೊದಲನೆಯ ಕೆಲಸ. ಅವರು ವೈದ್ಯರಂತೆ, ನನ್ನ ಲಕ್ಷಣಗಳಿಂದ ನನ್ನ ನಾಳೆಯನ್ನು ಊಹಿಸುತ್ತಾರೆ. ನಾನು ಮಾಡಬೇಕಾದ್ದು ಎರಡನೆಯದು. ಆದರೆ ಈಚೆ ನಿಂತ ನಾವು ಭಯದಿಂದ ಅವರ ಕೆಲಸವನ್ನೂ ನಾವೇ ಮಾಡತೊಡಗುತ್ತೇವೆ. ನಾನು ನಿಜವಾಗಿ ಅಲ್ಲಿ ಉಳಿಯುತ್ತೇನಾ, ಚಳಿ ತಡೆಯುತ್ತೇನಾ, ಒಂಟಿತನ ತಡೆಯುತ್ತೇನಾ ಎಂದು ನಮ್ಮ ನಾಡಿಯನ್ನು ನಾವೇ ಹಿಡಿದು ನೋಡಿ, ಖಚಿತವಿಲ್ಲವಲ್ಲ, ಹಾಗಾದರೆ ಹೌದು ಎಂದದ್ದು ಸುಳ್ಳಲ್ಲವೇ ಎಂದು ಕೊರಗುತ್ತೇವೆ. ಅನುಮಾನ ಇರುವುದು ಸುಳ್ಳಲ್ಲ. ಅನುಮಾನವೇ ಇಲ್ಲದವರು ಹೀಗೆ ಊರು ಬಿಡಬಹುದಾದರೆ, ಅವರಿಗೆ ಬಿಡುವ ಊರೇ ಇರಲಿಲ್ಲ ಎಂದಾಗುತ್ತದೆ.

ಹಾಗಾದರೆ ಸುಳ್ಳು ಯಾವುದು? ಅಲ್ಲಿರುವ ನಿಶ್ಚಯವೇ ಇಲ್ಲದೆ, ಯಾವಾಗಲಾದರೂ ಬೇಕಾದೀತು ಎಂದು ಹಸಿರು ಕಾರ್ಡನ್ನು ಬೀರುವಿನಲ್ಲಿಡಲು ಬೇಕಾಗಿ ಹೌದು ಎಂದರೆ ಅದು ಸುಳ್ಳು. ಅದು ‘ಅಶ್ವತ್ಥಾಮ ಸತ್ತ’ ಎಂಬ ಧರ್ಮರಾಯನ ಮಾತಿನ ಜಾತಿಯದು. ಆನೆ ಸತ್ತದ್ದು ನಿಜವೇ, ಆದರೆ ದ್ರೋಣರು ಏನೆಂದುಕೊಳ್ಳಲಿ ಎಂದು ಆ ಮಾತನ್ನು ಆಡಿದ್ದೋ ಅದು ನಿಜವಲ್ಲ. ನಾನು ಮುಂಬೈಗೆ ಹೋಗುವ ಮೊದಲು ನನ್ನನ್ನು ಕೇಳಿಕೊಂಡದ್ದು ಇದೊಂದನ್ನೇ. ಮಗನ ಮನೆಯಲ್ಲಿ ಇರಲು ನನಗೆ ಕಾರಣಗಳಿವೆಯೇ? ಇದ್ದವು. ಮೊಮ್ಮಕ್ಕಳಿಗೆ ಕನ್ನಡ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಮೈಸೂರಿನ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಬಾಗಿಲು ತೆಗೆಯುವವರೂ ಇರಲಿಲ್ಲ. ಆ ಕಾರಣಗಳನ್ನು ನೋಡಿ ಹೋಗಿ ಇರುವುದೆಂದು ನಿಶ್ಚಯಿಸಿದೆ. ಕಿಟಕಿಯಲ್ಲಿ ಹೇಳಿದ್ದು ಆ ನಿಶ್ಚಯವನ್ನು.

ನಮ್ಮ ಪೂಜೆ ವ್ರತಗಳಲ್ಲಿ ಮೊದಲು ಸಂಕಲ್ಪ ಮಾಡಿಸುತ್ತಾರಲ್ಲ, ಅದು ನೆನಪಾಗುತ್ತದೆ. ಯಾವ ದೇಶ, ಯಾವ ಸಂವತ್ಸರ, ಯಾವ ತಿಥಿ, ಯಾವ ಗೋತ್ರ, ಏನು ಹೆಸರು ಎಂದೆಲ್ಲ ಹೇಳಿ ಕೊನೆಗೆ ‘ಕರಿಷ್ಯೇ’, ಮಾಡುತ್ತೇನೆ, ಎಂದು ನೀರು ಬಿಡಬೇಕು. ವೀಸಾ ಅರ್ಜಿಯೂ ಇದನ್ನೇ ಕೇಳುತ್ತದೆ: ಎಲ್ಲಿಯವಳು, ಯಾರ ಮಗಳು, ಯಾವಾಗ ಹುಟ್ಟಿದವಳು, ಏತಕ್ಕೆ ಬಂದೆ. ಸಂಕಲ್ಪ ಮಾಡುವವರ ಮನಸ್ಸು ಆಗ ಅಡುಗೆಮನೆಯ ಕಡೆ ಇರಬಹುದು, ಅದರಿಂದ ಸಂಕಲ್ಪ ಸುಳ್ಳಾಗುವುದಿಲ್ಲ. ನೀರು ಬಿಟ್ಟ ಮೇಲೆ ಪೂಜೆ ಮಾಡದೆ ಎದ್ದುಹೋದರೆ ಸುಳ್ಳಾಗುತ್ತದೆ. ಒಳಗಿರುವುದನ್ನು ವರದಿ ಮಾಡುವುದಕ್ಕಿಂತ ಹೆಚ್ಚಾಗಿ ಸಂಕಲ್ಪವು ನಮ್ಮನ್ನು ಮುಂದಿನ ಕೆಲಸಕ್ಕೆ ಕಟ್ಟುತ್ತದೆ. ನನ್ನ ಮಗ ನನಗಾಗಿ ಸಹಿ ಮಾಡಿದ ಐ-864 ಎಂಬ ಮುಚ್ಚಳಿಕೆ ಈ ವಿಷಯದಲ್ಲಿ ಸರಿಯಾದ ದಾರಿಯಲ್ಲಿದೆ ಎನ್ನಿಸುತ್ತದೆ. ತಾಯಿಯನ್ನು ಪ್ರೀತಿಸುತ್ತೀಯಾ ಎಂದು ಅದು ಅವನನ್ನು ಕೇಳುವುದಿಲ್ಲ. ಅಲ್ಲಿನ ಸರ್ಕಾರ ನಿಗದಿ ಮಾಡಿದ ಬಡತನದ ರೇಖೆಯ ಶೇಕಡಾ 125ರಷ್ಟು ಆದಾಯದ ಮಟ್ಟದಲ್ಲಿ ನನ್ನನ್ನು ನೋಡಿಕೊಳ್ಳುತ್ತೇನೆ ಎಂದು ಬರೆಸಿಕೊಳ್ಳುತ್ತದೆ. ಮನಸ್ಸು ಅವನಿಗೆ ಬಿಟ್ಟದ್ದು, ಕೆಲಸದ ಹೊಣೆ ಮಾತ್ರ ಕಾಗದದ ಮೇಲೆ. ಒಂದು ದೇಶ ಹೊರಗಿನವರನ್ನು ನ್ಯಾಯವಾಗಿ ಕೇಳಬಹುದಾದದ್ದು ಇಷ್ಟು: ಏನು ಮಾಡುತ್ತೀಯ? ಒಳಗೆ ಏನಿದೆ ಎಂದು ಅಗೆದು ನೋಡುವ ಹಕ್ಕು ಯಾವ ಕಿಟಕಿಗೂ ಇಲ್ಲ. ಆದರೆ ಮಾತು ಸಂಕಲ್ಪವಾದ ಮೇಲೆ, ಕೆಲಸ ಸಲ್ಲಿಸುವ ಹೊಣೆ ನನ್ನಿಂದ ತಪ್ಪುವುದೂ ಇಲ್ಲ.

ಈ ಹೊಣೆಯ ಮಾತು ಬರೀ ತರ್ಕವಲ್ಲ. ಹಸಿರು ಕಾರ್ಡು ಪಡೆದವರು ಅನುಮತಿಪತ್ರವಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ, ಮರಳಿ ಒಳಹೋಗಲು ಆ ಕಾರ್ಡು ಸಾಲುವುದಿಲ್ಲ. ಅದಕ್ಕಾಗಿ ನಮ್ಮವರಲ್ಲಿ ಒಂದು ರೂಢಿ ಬೆಳೆದಿದೆ. ಊರಲ್ಲೇ ನೆಲೆಸಿರುವ ಹಿರಿಯರು ಕಾರ್ಡು ‘ಜೀವಂತ’ ಇರಲಿ ಎಂದು ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಹೋಗಿ ಕೆಲವು ವಾರ ಇದ್ದು ಬರುತ್ತಾರೆ. ಮಂಡಿ ನೋವು, ಸಕ್ಕರೆ ಕಾಯಿಲೆ ಇಟ್ಟುಕೊಂಡು ಇಪ್ಪತ್ತು ಗಂಟೆಯ ವಿಮಾನದಲ್ಲಿ ಕೂರುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಒಂದು ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದೋ ಇಲ್ಲವೋ ಎಂಬ ಹೆದರಿಕೆ ಅವರಿಂದ ಇದನ್ನು ಮಾಡಿಸುತ್ತದೆ. ಆದರೆ ಅಲ್ಲಿ ಜೀವಂತ ಇರುವುದು ಕಾರ್ಡು ಮಾತ್ರ, ಕೊಟ್ಟ ಮಾತಲ್ಲ.

ನಾನು ಈಗ ವರ್ಷದ ಏಳೆಂಟು ತಿಂಗಳು ಮಗನ ಮನೆಯಲ್ಲಿರುತ್ತೇನೆ. ಚಳಿಗಾಲಕ್ಕೆ ಮೈಸೂರಿಗೆ ಬಂದು ಬಾಗಿಲು ತೆಗೆದು, ಸಾಗರಕ್ಕೆ ಹೋಗಿ ಅಕ್ಕನ ಜೊತೆ ಇರುತ್ತೇನೆ. ಇದುವರೆಗೆ ಎರಡು ಮಾತುಗಳೂ ಒಂದಕ್ಕೊಂದು ಅಡ್ಡ ಬಂದಿಲ್ಲ. ಬರುವ ದಿನ ದೂರವಿಲ್ಲ ಎಂದೂ ಗೊತ್ತಿದೆ. ಅಕ್ಕನಿಗೆ ಈಗ ಕಣ್ಣು ಮಂಜು, ಕಳೆದ ಸಲ ಹಿತ್ತಲಲ್ಲಿ ಜಾರಿ ಬಿದ್ದಿದ್ದರು. ಅವರು ಹಾಸಿಗೆ ಹಿಡಿದರೆ ಅದು ಒಂದು ತಿಂಗಳೋ, ಮೂರು ವರ್ಷವೋ ಹೇಳಲಾಗದು. ಆಗ ಯಾವ ಮಾತು ದೊಡ್ಡದು ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಮಗನಿಗೆ ನಾನು ಬೇಕು, ಆದರೆ ನಾನಿಲ್ಲದೆಯೂ ಅವನ ಮನೆ ನಡೆಯುತ್ತದೆ. ಅಕ್ಕನಿಗೆ ಕೊಟ್ಟ ಮಾತನ್ನು ನನ್ನ ಬದಲು ಇನ್ನೊಬ್ಬರು ನಡೆಸಿಕೊಡಲಾರರು. ಹುಟ್ಟಿದ್ದನ್ನು ಕಂಡವರು ಅವರೊಬ್ಬರೇ ಉಳಿದಿರುವಂತೆ, ಅವರು ಹೋಗುವಾಗ ಕಾಣಬೇಕಾದವಳೂ ನಾನೊಬ್ಬಳೇ.

ಒಂದು ಮಾತನ್ನು ನಡೆಸಿಕೊಡಲು ಇನ್ನೊಂದನ್ನು ಬಿಡಬೇಕಾಗಿ ಬಂದಾಗ, ಬಿಟ್ಟದ್ದನ್ನು ಬಿಟ್ಟೆನೆಂದು ಹೇಳುವುದು ನನ್ನ ಮಟ್ಟಿಗೆ ಸತ್ಯದ ಕೊನೆಯ ಕಂತು. ಅದಕ್ಕೂ ಒಂದು ಅರ್ಜಿ ಇದೆ: ಐ-407. ಖಾಯಂ ನಿವಾಸದ ಹಕ್ಕನ್ನು ತಾನಾಗಿ ಬಿಟ್ಟುಕೊಡುವವರು ಅದನ್ನು ತುಂಬಿ, ಕಾರ್ಡಿನ ಜೊತೆ ಕಳಿಸಬೇಕು. ಸಂದರ್ಶನವಿಲ್ಲ, ಕಿಟಕಿಯಿಲ್ಲ, ಅನುಮಾನಿಸುವವರೂ ಯಾರೂ ಇಲ್ಲ. ಮಗನಿಗೆ ಈ ವಿಷಯ ಹೇಳಿದೆ. ‘ಅಮ್ಮ, ಅಷ್ಟು ಕಷ್ಟಪಟ್ಟು ಮಾಡಿಸಿದ್ದು, ಸುಮ್ಮನೆ ಇಟ್ಕೋ. ಯಾರು ಕೇಳ್ತಾರೆ?’ ಎಂದ. ಯಾರೂ ಕೇಳುವುದಿಲ್ಲ, ನಿಜ. ‘ಕೇಳಿದಾಗ ಒಮ್ಮೆ ಉತ್ತರ ಕೊಟ್ಟಿದ್ದೀನಲ್ಲ ಪುಟ್ಟ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಅರ್ಜಿಯನ್ನು ನನ್ನ ಫೋನಿಗೆ ಕಳಿಸಿದ. ಅದು ನಾಲ್ಕೈದು ತಿಂಗಳಿಂದ ಅಲ್ಲಿದೆ, ಇನ್ನೂ ತುಂಬಿಲ್ಲ.